ಯಾರ ಸರಹದ್ದಿನಲ್ಲೂ ನಡೆಯದ್ದು

ಅವರ ಬಲ ಹೆಗಲ ಮೇಲೆ ಒಂದು ಕಂದು ಗೆರೆ ಇತ್ತು. ಟಿಕೆಟ್ ಚೀಲದ ಚರ್ಮದ ಪಟ್ಟಿ ವರ್ಷಗಟ್ಟಲೆ ಒತ್ತಿ ಒತ್ತಿ ಕೊರಳ ಬುಡದ ಚರ್ಮ ಆ ಚೀಲದ ಬಣ್ಣಕ್ಕೇ ತಿರುಗಿತ್ತು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಅವರು ಜನರ ನಡುವೆ ನುಗ್ಗಿ ಬರುತ್ತಿದ್ದರೆ, ಕಾಲು ಚಾಚಿ ಕೂತ ಗಂಡಸರು ತಾವಾಗಿಯೇ ಕಾಲು ಮಡಚುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತುವ ಬಸ್ಸುಗಳಲ್ಲಿ ಆಗ ಹೆಂಗಸು ಕಂಡಕ್ಟರ್ ಎಂದರೆ ಅಪರೂಪ. ಡ್ರೈವರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವರಿಗೆ ಆ ನೌಕರಿ ಸಿಕ್ಕಿತ್ತು. ಅವರ ಮುಖ ನೋಡಿದವರು ಅನುಕಂಪ ಎನ್ನುವ ಮಾತನ್ನು ಬಾಯಿಂದ ತೆಗೆಯುವ ಧೈರ್ಯ ಮಾಡುತ್ತಿರಲಿಲ್ಲ. ಕಾಲೇಜಿಗೆ ಹೋಗುವ ನಮ್ಮಂಥ ಹುಡುಗಿಯರಿಗೆಲ್ಲ ಅವರು ಕಂಡಕ್ಟರಕ್ಕ.

ಬಾಯಿ ಜೋರು. ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಶುರು: "ಹೆಣ್ಮಕ್ಕಳು ಮುಂದ ಬರ್ರಿ. ಗಂಡಸರು ಹಿಂದಕ ಸರೀರಿ. ಜಾಗ ಐತಿ, ನಿಮಗ ಮನಸಿಲ್ಲ." ಶೇಂಗಾ ಸಿಪ್ಪೆಯನ್ನು ಕಾಲ ಬುಡದಲ್ಲಿ ಹಾಕಿದವರಿಗೆ, "ಬಸ್ಸು ಏನ್ ನಿಮ್ಮಪ್ಪನ ಕಣ ಏನು?" ನಮ್ಮನ್ನೂ ಬಿಡುತ್ತಿರಲಿಲ್ಲ. ಜೋರಾಗಿ ನಕ್ಕರೆ ಬೈಗುಳ, ಪಾಸ್ ಮರೆತು ಬಂದರೆ ಎರಡು ಬೈಗುಳ. ಒಮ್ಮೆ ನಮ್ಮೂರ ಹುಡುಗಿಯೊಬ್ಬಳು ಯಾರೋ ಹುಡುಗನ ಪಕ್ಕ ಕೂತದ್ದನ್ನು ಸಂತೆಯಲ್ಲಿ ಅವಳ ತಾಯಿಗೆ ಹೇಳಿಬಿಟ್ಟಿದ್ದರು. ಅದಕ್ಕೆ ನಾವು ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆವು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಆದರೆ ಅವರೇ ಕಲಿಸಿದ ಒಂದು ಪದ್ಧತಿ ಇತ್ತು. ನಿಂತುಕೊಂಡು ಹೋಗುವಾಗ ಯಾರಾದರೂ ಕಾಟ ಕೊಟ್ಟರೆ ನಾವು ಕೂಗಬೇಕಾಗಿರಲಿಲ್ಲ, ಯಾರ ಕಡೆಗೂ ಬೊಟ್ಟು ಮಾಡಬೇಕಾಗಿರಲಿಲ್ಲ. "ಅಕ್ಕಾ, ನಂಗ ಟಿಕೆಟ್ ಕೊಡ್ರಿ" ಎಂದರೆ ಸಾಕು. ನಮ್ಮೆಲ್ಲರ ಹತ್ತಿರ ಪಾಸ್ ಇರುತ್ತಿತ್ತು. ಪಾಸ್ ಇದ್ದವಳು ಟಿಕೆಟ್ ಕೇಳಿದಳೆಂದರೆ ಅರ್ಥವಾಯಿತು. ಅವರು ಬಂದು ಸುಮ್ಮನೆ ಅವಳ ಹಿಂದೆ ನಿಂತವನ ಮುಖ ನೋಡುತ್ತಿದ್ದರು. ಆಮೇಲೆ ತಣ್ಣಗೆ, "ನೀ ಬಾರಪ್ಪಾ ಇಲ್ಲಿ. ಎಂಜಿನ್ ಮ್ಯಾಲೆ ಕುಂದ್ರು." ಡ್ರೈವರ್ ಪಕ್ಕದ ಆ ಎಂಜಿನ್ ಪೆಟ್ಟಿಗೆ ನಮ್ಮ ಬಿಸಿಲಿಗೆ ರೊಟ್ಟಿ ಹಂಚಿನಂತೆ ಕಾದಿರುತ್ತಿತ್ತು. ಕೂತವನು ಮುಂದಿನ ಊರಲ್ಲೇ ಇಳಿದು ಹೋಗುತ್ತಿದ್ದ. ಅವನ ಊರು ಅದಾಗಿರಲಿ, ಬಿಡಲಿ.

ಹಾಗೆ ಮುಗಿಯದ ಒಂದು ಶನಿವಾರ ಬಂತು.

ನಾನೂ ನನ್ನ ಗೆಳತಿಯೂ ಡಿಗ್ರಿ ಮೊದಲ ವರ್ಷದಲ್ಲಿದ್ದೆವು. ಒಂದೇ ಊರು, ಒಂದೇ ಬೆಂಚು. ಅವಳ ಹೆಸರು ಬರೆಯುವುದಿಲ್ಲ. ಆ ಹೆಸರು ಜನರ ಬಾಯಿಗೆ ಸಿಕ್ಕಿ ಸಾಕಷ್ಟು ಸವೆದಿದೆ. ಅರ್ಧ ದಿನದ ಕಾಲೇಜು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹತ್ತಿದ್ದೆವು. ಕೆರೆ ಏರಿಯ ಮೇಲೆ ಬಸ್ಸು ಹೋಗುತ್ತಿದ್ದಾಗ ಅವಳು ಟಿಕೆಟ್ ಕೇಳಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೊದಲ ಸಲ ಅಕ್ಕನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳುವಷ್ಟರಲ್ಲಿ ಬಸ್ಸು ಹಳ್ಳ ದಾಟಿತ್ತು. ಅಕ್ಕ ಬಂದು ನೋಡಿದರು. ಹಿಂದೆ ನಿಂತಿದ್ದವನನ್ನು ಎಂಜಿನ್ ಮೇಲೆ ಕೂರಲು ಕರೆದರು. ಅವನು ಕದಲಲಿಲ್ಲ. "ಹೆಂಗಸಿನ ಕೈಗೆ ಸೀಟಿ ಕೊಟ್ರ ಹಿಂಗ ಆಗತೈತಿ ನೋಡು" ಎಂದು ಪಕ್ಕದವನಿಗೆ ಹೇಳಿ ನಕ್ಕ. ಆಗ ಗೆಳತಿ ಅಳುತ್ತಾ, "ಅಕ್ಕಾ, ಇವತ್ತ ಒಂದಿನ ಅಲ್ರಿ. ದಿನಾ ಇವನ" ಎಂದಳು. ನನಗೂ ಆ ಮಾತು ಹೊಸದು. ಪಕ್ಕದಲ್ಲೇ ಕೂರುವವಳಿಗೂ ಹೇಳದೆ ಅವಳು ಅದನ್ನು ನುಂಗಿಕೊಂಡಿದ್ದಳು.

ಅಕ್ಕ ಸೀಟಿ ಊದಿ ಡ್ರೈವರ್ ಕಾಕಾನಿಗೆ ಹೇಳಿದರು: "ಕಾಕಾ, ಸ್ಟ್ಯಾಂಡಿಗೆ ಹೋಗಬ್ಯಾಡ್ರಿ. ನೆಟ್ಟಗ ಠಾಣೆಗೆ ಹೊಡೀರಿ."

ಯಾವ ಊರಿನ ಠಾಣೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ನಮ್ಮದಲ್ಲ ಎಂದು ನಿರಾಳವಾಗಿ ಉಸಿರು ಬಿಡುತ್ತಾರೆ. ಇಡೀ ಬಸ್ಸು, ತುಂಬಿದ ಜನರ ಸಮೇತ, ಠಾಣೆಯ ಗೇಟಿನ ಮುಂದೆ ನಿಂತಿತು. ಇಬ್ಬರು ಪ್ರಯಾಣಿಕರು ಅವನ ರಟ್ಟೆ ಹಿಡಿದು ಒಳಗೆ ತಂದರು. ಮೇಜಿನ ಹಿಂದೆ ಕೂತ ಅಧಿಕಾರಿ ಒರಟನೇನಲ್ಲ. ನಮಗೆ ಕುಡಿಯಲು ನೀರು ತರಿಸಿದ. ಆಮೇಲೆ ಕೇಳಿದ:

"ಎಲ್ಲ್ಯಾತಿದು?"

"ಬಸ್ಸಿನಾಗ್ರಿ" ಎಂದರು ಅಕ್ಕ.

"ಬಸ್ಸು ಎಲ್ಲಿತ್ತು?"

"ಕೆರಿ ಏರಿ ಮ್ಯಾಲೆ."

"ಹಂಗಾರ ಅದು ನಮ್ಮ ಲಿಮಿಟ್ಟಿಗೆ ಬರಂಗಿಲ್ಲಮ್ಮಾ. ಹಿಂದಿನ ಊರಿನ ಠಾಣೆಗೆ ಹೋಗ್ರಿ."

"ಬಸ್ಸು ಓಡತಿರತೈತ್ರಿ ಸಾಹೇಬ್ರ. ಏರಿ ಮ್ಯಾಲೆ ಸುರುವಾತು, ಹಳ್ಳ ದಾಟಿದ ಮ್ಯಾಲೆ ಮುಗೀತು. ಹಳ್ಳದ ಈಚಿಗೆ ನಿಮ್ದ ಐತಲ್ಲ? ನಿಮ್ಮ ಪಾಲಿಂದು ನೀವು ಬರಕೋರಿ. ಉಳಿದದ್ದು ಅವರಿಗೆ ಒಯ್ದು ಕೊಡ್ತೀನಿ."

ಅಧಿಕಾರಿಗೆ ಸಿಟ್ಟು ಬಂತು. ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದ ಮೇಲೆ ಆ ಮನುಷ್ಯನನ್ನು ಯಾವ ಲೆಕ್ಕದಲ್ಲಿ ಕೂರಿಸಿಕೊಳ್ಳಲಿ ಎಂದು ನಮ್ಮನ್ನೇ ಕೇಳಿ ಅವನನ್ನು ಬಿಟ್ಟುಬಿಟ್ಟ. ನಾವು ಹೊರಗೆ ಬರುವಾಗ ಅವನು ಎದುರಿನ ಹೋಟೆಲಿನಲ್ಲಿ ಬಸಿ ಹಿಡಿದು ಚಹಾ ಕುಡಿಯುತ್ತಿದ್ದ. ಅಕ್ಕ ಅವನನ್ನೇ ನೋಡುತ್ತಾ ರಸ್ತೆಯ ಈ ಬದಿಯಲ್ಲಿ ನಿಂತರು.

ಅದೇ ಬಸ್ಸು ಮರಳಿ ಹೊರಟಾಗ ನಮ್ಮನ್ನೂ ಹತ್ತಿಸಿಕೊಂಡು ಹಿಂದಿನ ಊರಿನ ಠಾಣೆಗೆ ಒಯ್ದರು. ಅಲ್ಲಿ ಬೇರೆ ಪ್ರಶ್ನೆ. "ಮನುಷ್ಯಾ ಎಲ್ಲದಾನ?" ಮುಂದಿನ ಠಾಣೆಯವರು ಬಿಟ್ಟರು ಎಂದರೆ, "ಮನುಷ್ಯಾನ ಇಲ್ಲಂದ್ರ ಯಾರ ಮ್ಯಾಲೆ ಬರಕೊಳ್ಳಲಿ? ಆಂವ ಬಸ್ ಹತ್ತಿದ್ದು ನಮ್ಮ ಊರಾಗಲ್ಲ. ಹತ್ತಿದ್ದು ಬ್ಯಾರೆ ಜಿಲ್ಲಾ. ಅಲ್ಲಿ ಕೊಡ್ರಿ." ಆಗ ಹರಪನಹಳ್ಳಿಯ ಕಡೆಯೆಲ್ಲ ದಾವಣಗೆರೆ ಜಿಲ್ಲೆ, ಈ ಕಡೆ ಬಳ್ಳಾರಿ ಜಿಲ್ಲೆ. ದೂರನ್ನು ಜಿಲ್ಲೆಯಾಚೆ ದಾಟಿಸುವ ಇಂಥ ಸುಖವನ್ನು ಠಾಣೆಯವರು ಬಿಟ್ಟುಕೊಡುತ್ತಾರೆಯೇ. ಕೊನೆಗೆ ಆತ ನನ್ನ ಗೆಳತಿಯ ಕಡೆ ತಿರುಗಿ ಮೆಲ್ಲಗೆ, "ತಂಗಿ, ಕಲಿಯೋ ಹುಡುಗಿ ನೀನು. ಕೋರ್ಟು ಕಚೇರಿ ಅಂತ ಅಡ್ಡಾಡ್ತಿಯೇನು? ನಿಮ್ಮಪ್ಪಗ ಹೇಳೀಯಾ?" ಎಂದ. ಅಷ್ಟು ಮೆತ್ತಗಿನ ದನಿಯಲ್ಲಿ ಬೆದರಿಸುವುದನ್ನು ನಾನು ಆಮೇಲೆ ಎಷ್ಟೋ ಕಡೆ ಕೇಳಿದ್ದೇನೆ.

"ನನ್ನ ಬಸ್ಸಿನಾಗ ಆಗೇತ್ರಿ" ಎಂದರು ಅಕ್ಕ. "ಇನ್ನೂ ಯಾವ್ಯಾವ ಊರು ಅದಾವು ಹೇಳ್ರಿ. ಎಲ್ಲಾ ಕಡೆ ಬಸ್ ಹೋಗತೈತಿ." ಆತ ಕುರ್ಚಿ ಹಿಂದೆ ಸರಿಸಿ ಎದ್ದು ಹೋದ.

ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬಹುದು ಎಂದು ನನಗೆ ಗೊತ್ತಾದದ್ದು ವರ್ಷಗಳ ನಂತರ. ಅವತ್ತು ಮೇಜಿನ ಹಿಂದೆ ಕೂತವರಿಗೂ ಗೊತ್ತಿರಲಿಲ್ಲ ಎಂದು ನಂಬುವಷ್ಟು ಒಳ್ಳೆಯವಳು ನಾನಲ್ಲ.

ಅಕ್ಕ ಮಾಡಿದ ತಪ್ಪು ಒಂದೇ. ಬಸ್ಸನ್ನೇ ಒಯ್ದದ್ದು. ಕಂಡಕ್ಟರ್ ಆದವಳಿಗಷ್ಟೇ ಹಾಗೆ ತೋಚಲು ಸಾಧ್ಯ. ತನ್ನ ಬಸ್ಸಿನಲ್ಲಿ ನಡೆದದ್ದಕ್ಕೆ ತನ್ನ ಬಸ್ಸೇ ಸಾಕ್ಷಿ, ಹತ್ತಿದವರೆಲ್ಲ ನುಡಿಯುತ್ತಾರೆ ಎಂದು ಅವರು ನಂಬಿದ್ದರು. ಹತ್ತಿದವರು ನುಡಿದದ್ದು ನಿಜ, ಆದರೆ ಠಾಣೆಯಲ್ಲಲ್ಲ. ನಮ್ಮೂರಿನ ಅರ್ಧ ಜನ ಆ ಬಸ್ಸಿನಲ್ಲಿದ್ದರು. ದೀಪ ಹಚ್ಚುವ ಹೊತ್ತಿಗೆ ಊರಿನ ಕಟ್ಟೆಕಟ್ಟೆಯ ಮೇಲೂ ಇದೇ ಮಾತು. ಸೋಮವಾರ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಕೂತೆ.

ಅಕ್ಕ ತಮ್ಮ ವಾರದ ರಜೆಯ ದಿನ ನಮ್ಮೂರಿಗೆ ಬಂದರು. ಖಾಕಿ ಇಲ್ಲದೆ ಬರಿಯ ಸೀರೆಯಲ್ಲಿ ಅವರನ್ನು ನೋಡಿದ್ದು ಅದೇ ಮೊದಲು. ಗೆಳತಿಯ ಮನೆಗೆ ನಾನೂ ಹೋದೆ. ಅವಳಪ್ಪ ಕೆಟ್ಟ ಮನುಷ್ಯನಲ್ಲ, ಮಗಳ ಮೇಲೆ ಕೈ ಮಾಡಿದವನಲ್ಲ. ಅಕ್ಕನಿಗೆ ಚಾಪೆ ಹಾಸಿ ಕೂರಿಸಿ ಹೇಳಿದ: "ನಿಮ್ಮ ಬಸ್ಸು ಠಾಣೆ ಮುಂದ ನಿಂತಿದ್ದು ಊರೆಲ್ಲಾ ನೋಡೇತ್ರಿ ಕಂಡಕ್ಟರಮ್ಮಾರ. ನನ್ನ ಮಗಳದು ತಪ್ಪಿಲ್ಲ, ಇಕಿನ ದೂರು ಕೊಟ್ಟಾಕಿ ಅಂತ ಅಲ್ಲಿ ಒಂದು ಅಕ್ಷರ ಐತೇನ್ರಿ? ಇಲ್ಲ. ಮತ್ತ ಇಕಿ ಠಾಣೆಗೆ ಯಾಕ ಹೋಗಿದ್ಲು ಅಂತ ಕೇಳಿದವರಿಗೆ ನಾ ಏನ್ ಹೇಳಲಿ?" ಅಕ್ಕ ಚಾಪೆಯಿಂದೆದ್ದು ಹೊರಟರು. ಆ ವರ್ಷ ಕಳೆಯುವುದರೊಳಗೆ ಗೆಳತಿಯನ್ನು ಹೊಸಹಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟರು.

ಬಸ್ಸನ್ನು ದಾರಿ ಬಿಡಿಸಿ ಒಯ್ದದ್ದಕ್ಕೆ ಅಕ್ಕನಿಗೆ ಮೇಲಿನವರಿಂದ ನೋಟಿಸ್ ಬಂತು. ಆ ದಾರಿಯಿಂದ ತೆಗೆದು ಹಡಗಲಿ ಕಡೆಯ ಬಸ್ಸಿಗೆ ಹಾಕಿದರು. ನಮ್ಮ ಬಸ್ಸಿಗೆ ಬೇರೆ ಕಂಡಕ್ಟರ್ ಬಂದ. ಟಿಕೆಟ್ ಕೇಳಿದರೆ ಟಿಕೆಟ್ಟನ್ನೇ ಹರಿದು ಕೊಡುತ್ತಿದ್ದ. ಕೆಲವು ಹುಡುಗಿಯರು ಹಾಸ್ಟೆಲ್ ಸೇರಿದರು, ಕೆಲವರು ಕಾಲೇಜು ಬಿಟ್ಟರು. ಒಬ್ಬಳನ್ನು ಅಣ್ಣ ದಿನಾ ಬೈಕಿನಲ್ಲಿ ಬಿಟ್ಟು ಕರೆದೊಯ್ಯುತ್ತಿದ್ದ. ಮರುವರ್ಷ ನಮ್ಮ ಕಾಲೇಜಿನ ಸಮಾರಂಭಕ್ಕೆ ಬಂದ ಪೊಲೀಸ್ ಅಧಿಕಾರಿಯೊಬ್ಬರು ಮೈಕಿನಲ್ಲಿ, ತಮ್ಮ ಠಾಣೆಯ ವ್ಯಾಪ್ತಿಯಲ್ಲಿ ಹೆಣ್ಣುಮಕ್ಕಳಿಗೆ ತೊಂದರೆ ಕೊಟ್ಟ ಒಂದೇ ಒಂದು ಪ್ರಕರಣವೂ ದಾಖಲಾಗಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ಎದ್ದು ನಿಂತು ತಟ್ಟಿದರು. ನನಗೆ ಕುರ್ಚಿ ಎತ್ತಿ ಎಸೆಯಬೇಕೆನಿಸಿತು. ಈಗಲೂ ಆ ಚಪ್ಪಾಳೆ ನೆನಪಾದರೆ ಹಲ್ಲು ಕಡಿಯುತ್ತೇನೆ.

ನಾನು ಓದು ಮುಗಿಸಿ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾದೆ. ನಗರದ ಸುದ್ದಿಗಳನ್ನು ತಿದ್ದಿ ಶೀರ್ಷಿಕೆ ಕೊಡುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಅಪರಾಧದ ಅಂಕಿಅಂಶ ಬರುತ್ತದೆ. ಏರಿದ್ದರೆ 'ಬೆಚ್ಚಿಬಿದ್ದ ನಗರ', ಇಳಿದಿದ್ದರೆ 'ನಿಟ್ಟುಸಿರು ಬಿಟ್ಟ ನಗರ'. ನಗರಕ್ಕೆ ಬೇರೆ ಏನೂ ಮಾಡಲು ಬರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳ ಕೈಯಿಂದ ಬೈಕಿನವರು ಫೋನ್ ಕಿತ್ತುಕೊಂಡು ಹೋದರು. ದೂರು ಕೊಡಲು ಹೋದರೆ, ಕಳೆದುಹೋಗಿದೆ ಎಂದು ಬರೆದುಕೊಡಿ ಮೇಡಂ, ಬೇಗ ಕೆಲಸ ಆಗುತ್ತದೆ ಎಂದು ಬುದ್ಧಿ ಹೇಳಿದರಂತೆ. ಅವಳು ಹಾಗೆಯೇ ಬರೆದುಕೊಟ್ಟಳು. ನಗರದ ಲೆಕ್ಕದಲ್ಲಿ ಅವಳೊಬ್ಬ ಮರೆಗುಳಿ.

ನಿವೃತ್ತಿಯಾದ ಮೇಲೆ ಕಂಡಕ್ಟರಕ್ಕ ಮೊಣಕಾಲು ತೋರಿಸಲು ಬೆಂಗಳೂರಿಗೆ ಬಂದು ಕೆಲವು ದಿನ ನನ್ನ ಮನೆಯಲ್ಲಿದ್ದರು. ಜೀವನವಿಡೀ ಓಡುವ ಬಸ್ಸಿನಲ್ಲಿ ನಿಂತ ಕಾಲು, ಸವೆದುಹೋಗಿತ್ತು. ಒಂದು ಸಂಜೆ ಆಸ್ಪತ್ರೆಯಿಂದ ಇಬ್ಬರೂ ಸಿಟಿ ಬಸ್ಸಿನಲ್ಲಿ ಮರಳುತ್ತಿದ್ದೆವು. ಅವರ ಕಣ್ಣು ಹೊರಗಿನ ಬೆಂಗಳೂರಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ನಾನು ಬ್ಯಾಗನ್ನು ಎದೆಗೆ ಕಟ್ಟಿಕೊಂಡದ್ದು, ಎಲ್ಲಿದ್ದೇನೆಂದು ಜೊತೆ ಕೆಲಸ ಮಾಡುವವಳಿಗೆ ಫೋನಿನಲ್ಲಿ ಕಳಿಸಿದ್ದು, ಕೀಲಿಕೈಯನ್ನು ಬೆರಳುಗಳ ನಡುವೆ ಹಿಡಿದದ್ದು, ಎಲ್ಲ ನೋಡಿದರು. ನಮ್ಮ ಮನೆಯ ಸ್ಟಾಪ್ ದಾಟಿ ಮುಂದಿನದರಲ್ಲಿ ಇಳಿದಾಗ ಕೇಳಿಯೇ ಬಿಟ್ಟರು.

"ನಿಮ್ಮ ಮನಿ ಹಿಂದ ಉಳೀತಲ್ಲ?"

"ಆ ಸ್ಟಾಪಿನಾಗ ಲೈಟಿಲ್ಲಕ್ಕಾ. ಪಕ್ಕದಾಗ ಬಾರ್ ಐತಿ. ಸುತ್ತು ಹಾಕಿ ಹೋಗೂಣು."

"ಅಲ್ಲಿ ಎಂದಾರ ಏನಾರ ಆಗೇತೇನು ನಿನಗ?"

"ಏನೂ ಆಗಿಲ್ಲ."

ನೋಯುವ ಕಾಲು ಎಳೆಯುತ್ತಾ ಅವರು ಮನೆ ಸೇರಿದರು. ಮೇಜಿನ ಮೇಲೆ ಅವತ್ತಿನ ಪತ್ರಿಕೆ ಇತ್ತು. ಆ ವರ್ಷದ ಲೆಕ್ಕ ಇಳಿದಿತ್ತು. ನಗರ ಮಹಿಳೆಯರಿಗೆ ಇನ್ನಷ್ಟು ಸುರಕ್ಷಿತ ಎಂದು ಮುಖಪುಟದಲ್ಲಿ ಬಂದಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, ಪತ್ರಿಕೆ ಮಡಚಿ, "ನೀ ದಿನಾ ಸುತ್ತು ಹಾಕಿ ನಡೀತಿಯಲ್ಲ, ಅದು ಇದರಾಗ ಎಲ್ಲೈತಿ?" ಎಂದರು.

"ಆಗದ್ದನ್ನ ಹೆಂಗ ಲೆಕ್ಕ ಹಾಕ್ತಾರಕ್ಕಾ?"

"ಆಗಲಿಲ್ಲ ಅಂದ್ರ ನೀ ತಪ್ಪಿಸಿಕೊಂಡಿ ಅಂತ ಅರ್ಥ. ಶಾಭಾಸ್ ಅವರಿಗ್ಯಾಕ?"

ನಾನು ಓದಿದವಳ ಹಾಗೆ ವಿವರಿಸಲು ಹೊರಟೆ. ಅಂಕಿಅಂಶ ಸುಳ್ಳಲ್ಲ, ಅದು ಎಣಿಸುವುದು ದಾಖಲಾದದ್ದನ್ನು ಮಾತ್ರ, ಒಮ್ಮೊಮ್ಮೆ ಜನ ಧೈರ್ಯ ಮಾಡಿ ದೂರು ಕೊಟ್ಟ ವರ್ಷವೇ ಲೆಕ್ಕ ಏರುತ್ತದೆ, ಹಾಗಾಗಿ ಏರಿಕೆಯೆಲ್ಲ ಕೆಟ್ಟದ್ದಲ್ಲ ಎಂದೆಲ್ಲ ಹೇಳಿದೆ. ಅಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿಸಿಕೊಂಡರು. "ಇಷ್ಟು ಗೊತ್ತಿದ್ದೂ ಹಿಂಗ ಯಾಕ ಬರೀತೀರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡಂತೆ, "ನನ್ನ ಆ ಬಸ್ಸಿನಾಗೂ ಮುಂದ ಏನೂ ಆಗಲಿಲ್ಲಂತ. ಎಲ್ಲಿಂದ ಆದೀತು? ಹುಡುಗೇರ ಇರಲಿಲ್ಲಲ್ಲ. ಬಸ್ ಬಿಟ್ಟು ನಾ ಒಬ್ಬಾಕಿನ ಅವಳನ್ನ ಕರಕೊಂಡು ನಡಕೋತ ಹೋಗಬೇಕಿತ್ತು ನೋಡು" ಎಂದರು. ಇಷ್ಟು ವರ್ಷಗಳಾದ ಮೇಲೂ ಅವರು ಆ ಗೇಟಿನ ಮುಂದೆಯೇ ನಿಂತಿದ್ದರು. ಬರೆದುಕೊಳ್ಳದೆ ಕಳಿಸಿದ ಇಬ್ಬರೂ ಬಡ್ತಿ ಪಡೆದು ಸುಖವಾಗಿ ನಿವೃತ್ತರಾಗಿರಬೇಕು. ಹಗಲು ರಾತ್ರಿ ಹಳಹಳಿಸುತ್ತಾ ಕೂತವರು ಇವರು. ಇದು ಯಾವ ನ್ಯಾಯ ಎಂದು ನಾನು ಯಾರನ್ನು ಕೇಳಲಿ?

ಅವರು ತೀರಿಕೊಂಡದ್ದು ಹೋದ ವರ್ಷದ ಕೊನೆಯಲ್ಲಿ, ಹಿರೇಹಡಗಲಿ ಹತ್ತಿರದ ತಮ್ಮ ತವರಿನಲ್ಲಿ. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಮನೆಯ ಮುಂದೆ ಹಾಸಿದ ತಾಡಪಾಲಿನ ಮೇಲೆ ಬೇರೆ ಬೇರೆ ಊರಿನ ಹೆಂಗಸರು ಕೂತಿದ್ದರು. ನನ್ನಂತೆ ಅವರೂ ಒಂದು ಕಾಲದಲ್ಲಿ ಪಾಸ್ ಇಟ್ಟುಕೊಂಡು ಟಿಕೆಟ್ ಕೇಳಿದವರು. ಅವರ ನಡುವೆ ನನ್ನ ಗೆಳತಿಯೂ ಇದ್ದಳು. ಪಕ್ಕದಲ್ಲಿ ಅವಳ ಮಗಳು. ಡಿಗ್ರಿ ಮೊದಲ ವರ್ಷವಂತೆ.

ಗೆಳತಿ ನನ್ನನ್ನು ಮನೆಯ ಹಿಂದಿನ ಬೇವಿನ ಮರದ ಕಡೆಗೆ ಕರೆದೊಯ್ದು ವಿಷಯ ಹೇಳಿದಳು. ಮಗಳು ತಲೆನೋವು ಎಂದು ಹದಿನೈದು ದಿನದಿಂದ ಕಾಲೇಜಿಗೆ ಹೋಗಿಲ್ಲ. ತಲೆನೋವಲ್ಲ. ಬಸ್ಸಿನಲ್ಲಿ ಒಬ್ಬ ದಿನವೂ ಬೆನ್ನು ಹತ್ತುತ್ತಾನೆ, ಕೈ ಹಿಡಿದೆಳೆದಿದ್ದಾನೆ. "ಮನಿಯಾಗ ಇನ್ನೂ ಹೇಳಿಲ್ಲ. ಹೇಳಿದ್ರ ನಂದ ಕಥಿ ಇಕಿದೂ ಆಗತೈತಿ. ಹೇಳದಿದ್ರ ತಾನ ಬಿಟ್ಟು ಕುಂದರತಾಳ" ಎಂದಳು. ಅಳಲಿಲ್ಲ. ನನ್ನ ಮುಖ ನೋಡುತ್ತಾ ನಿಂತಳು.

ಅಲ್ಲಿಂದಲೇ ಹೊರಟೆವು. ತಾಯಿ, ಮಗಳು, ನಾನು. ಆಟೋವನ್ನು ದೂರದಲ್ಲೇ ಬಿಟ್ಟು ಠಾಣೆಗೆ ನಡೆದೇ ಹೋದೆವು. ಇದೂ ಯಾವ ಊರಿನದು ಎಂದು ಹೇಳುವುದಿಲ್ಲ. ಕಂಪ್ಯೂಟರ್ ಬಂದಿದೆ, ಗೋಡೆಗೆ ಹೆಣ್ಣುಮಕ್ಕಳ ಸಹಾಯವಾಣಿಯ ಬೋರ್ಡ್ ಬಂದಿದೆ, ಪ್ರಶ್ನೆ ಮಾತ್ರ ಹಳೆಯದೇ. ಎಲ್ಲಾಯಿತು, ಬಸ್ಸು ಎಲ್ಲಿತ್ತು. ಎಲ್ಲಿದ್ದರೂ ನೀವು ಬರೆದುಕೊಳ್ಳಬೇಕು ಎಂದು ನಾನು ನಿಯಮ ಹೇಳಿದೆ. ಪತ್ರಿಕೆಯಲ್ಲಿದ್ದೇನೆ ಎಂದೂ ಹೇಳಿದೆ. ಅಧಿಕಾರಿ ಎಳೆಯ ವಯಸ್ಸಿನವನು. ತಲೆ ಕೆರೆದುಕೊಂಡು, "ಮೇಡಂ, ಬರಕೊಳ್ಳಾಕ ನಂದೇನು ತಕರಾರಿಲ್ಲ. ಆಂವನ್ನ ಕರೆಸಿ ವಾರ್ನಿಂಗ್ ಕೊಟ್ಟು ಕಳಸ್ತೀನಿ. ವರ್ಷದ ಕೊನಿ ಐತಿ, ನಮ್ಮ ಠಾಣೆ ಲೆಕ್ಕ ಕ್ಲೀನ್ ಐತಿ. ಸುಮ್ಮನ ಒಂದು ಯಾಕ ಏರಸ್ತೀರಿ?" ಎಂದ.

ಅವನ ಮೇಜು ಗುದ್ದಿ ಎರಡು ಮಾತು ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನನ್ನ ಗೆಳತಿ ಮಾತಾಡಿದಳು. ಕಾಲೇಜಿನ ಕಾಲದ ಆ ಶನಿವಾರ ಎರಡು ಠಾಣೆ ಸುತ್ತಿದರೂ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

"ಏರಲಿ ಬಿಡ್ರಿ ಸಾಹೇಬ್ರ" ಎಂದಳು. "ನನ್ನ ಕಾಲಕ್ಕ ನಂದು ಬರಕೊಳ್ಳಲಿಲ್ಲ. ಬರಕೊಂಡಿದ್ರ ನಾನೂ ಒಂದು ಡಿಗ್ರಿ ಮಾಡಿರ್ತಿದ್ನಿ. ಇಕಿದು ಬರಕೊಳ್ಳೂತನಕ ನಾವು ಇಲ್ಲಿಂದ ಏಳಂಗಿಲ್ಲ."

ಏಳಲಿಲ್ಲ. ಸಾಹೇಬರು ಊಟಕ್ಕೆ ಹೋಗಿ ಬಂದರು, ಯಾರಿಗೋ ಫೋನ್ ಮಾಡಿದರು, ಕರೆಂಟ್ ಹೋಯಿತು, ಬಂತು. ಕೊನೆಗೆ ಬರೆದುಕೊಳ್ಳಲು ಕೂತರು. ಹುಡುಗಿ ತಾನೇ ಹೇಳಿ ಬರೆಸಿದಳು, ತಾನೇ ಓದಿ ಸಹಿ ಮಾಡಿದಳು. ಎಫ್‌ಐಆರ್ ಪ್ರತಿಯನ್ನು ಗೆಳತಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮನೆಯಲ್ಲಿ ಯಾರಾದರೂ ಕೇಳಿದರೆ ಅದನ್ನೇ ಅವರ ಮುಂದೆ ಹಿಡಿಯುತ್ತೇನೆ ಎಂದಳು.

ಆ ಠಾಣೆಯ ಲೆಕ್ಕ ಹೊರಬಿದ್ದಾಗ ಆ ಊರು ಮೊದಲಿಗಿಂತ ಕೆಟ್ಟ ಊರು ಎಂದು ಯಾವುದೋ ಪತ್ರಿಕೆಯಲ್ಲಿ ಬರಬಹುದು. ನನ್ನಂಥವರೇ ಯಾರೋ ಅದಕ್ಕೆ ಬೆಚ್ಚಿಬಿದ್ದ ಎನ್ನುವ ಪದ ಹುಡುಕಿ ಹಾಕುತ್ತಾರೆ. ಬರೆಯಲಿ. ಹುಡುಗಿ ಈಗ ಎರಡನೆಯ ಸೆಮಿಸ್ಟರಿನಲ್ಲಿದ್ದಾಳೆ. ಬಸ್ಸಿಗೇ ಹೋಗುತ್ತಾಳೆ.